ನರ್ಸಬಾಯಿಯ ಉಡಿ

ಅಣ್ಣನ ಮಗಳಿಗೆ ದಿನ ತುಂಬುತ್ತ ಬಂದಿತ್ತು. ಬೆಂಗಳೂರಿನಲ್ಲಿ ಹೆಸರು ಬರೆಸಿದ್ದ ಆಸ್ಪತ್ರೆಯವರು ಕೊಟ್ಟ ಪಟ್ಟಿ ನೋಡಿಕೊಂಡು ಚೀಲ ಕಟ್ಟಿಟ್ಟಿದ್ದಳು. ಆ ಪಟ್ಟಿಯಲ್ಲಿ ಇಲ್ಲದ ಒಂದು ವಿಷಯ ಕೇಳಲು ನನಗೆ ಫೋನು ಮಾಡಿದಳು. "ಅತ್ತಿ, ಹೆರಿಗೆ ಮಾಡಿಸೋ ಸಿಸ್ಟರ್‌ಗಳಿಗೆ ಏನಾದ್ರೂ ಕೊಡಬೇಕು ಅಂತ ಆಸೆ. ಏನ್ ಕೊಡ್ಲಿ? ಆಯಿ ನರ್ಸ್ ಇದ್ಲಲ್ಲ, ಆಕಿಗೆ ಏನ್ ಕೊಟ್ರೆ ಖುಷಿ ಆಗ್ತಿತ್ತು?" ಗೆಳತಿಯರು ಏನೇನು ಕೊಟ್ಟಿದ್ದರು ಎಂದು ಒಂದೊಂದಾಗಿ ಹೇಳುತ್ತ ಹೋದಳು. ಹೆಸರು ಅಚ್ಚು ಹಾಕಿಸಿದ ಕಪ್ಪು, ಪರಿಮಳದ ಮೇಣದಬತ್ತಿ, ಚಾಕೊಲೇಟಿನ ಬುಟ್ಟಿ, ಕೈಗೆ ಹಚ್ಚುವ ಕ್ರೀಮು.

ಕ್ರೀಮು ಎಂದಾಗ ನಾನು ಅವಳ ಮಾತು ಅಲ್ಲಿಗೇ ನಿಲ್ಲಿಸಿದೆ. ಅದನ್ನು ಮಾತ್ರ ಖಂಡಿತ ಕೊಡು ಎಂದೆ. ಅವಳ ಆಯಿಯ, ಅಂದರೆ ನನ್ನ ಅವ್ವನ, ಕೈ ಕಣ್ಣ ಮುಂದೆ ಬಂದಿತ್ತು. ದಿನವಿಡೀ ಲೈಸೋಲು, ಸ್ಯಾವಲಾನು, ಸೋಪು ಮುಟ್ಟಿ ಅವಳ ಬೆರಳ ಸಂದಿಗಳು ಸೀಳಿರುತ್ತಿದ್ದವು. ಡ್ಯೂಟಿ ಮುಗಿಸಿ ಬಂದು ರೊಟ್ಟಿ ಬಡಿಯಲು ಕೂತಾಗ ಜೋಳದ ಹಿಟ್ಟಿಗೆ ಹಾಕಿದ ಎಸರು ಆ ಸೀಳುಗಳಿಗೆ ಇಳಿಯುತ್ತಿತ್ತು. ಆಗವಳು ಉಸಿರನ್ನು ಹಲ್ಲಿನ ನಡುವೆ ಎಳೆದುಕೊಂಡು, ಮತ್ತೆ ಬಡಿಯುತ್ತಿದ್ದಳು. ಮಲಗುವ ಮೊದಲು ನಾನು ಅವಳ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಬೇಕು. ಆ ಕೆಲಸಕ್ಕೆ ನಾನೂ ಅಣ್ಣನೂ ಸರದಿ ಹಚ್ಚಿಕೊಂಡಿದ್ದೆವು.

ಬೆಳಗಾವಿ ಜಿಲ್ಲೆಯ ಕಬ್ಬಿನ ಸೀಮೆಯ ಒಂದು ತಾಲ್ಲೂಕು ಊರು ಅದು. 1980ರ ದಶಕ. ಅಪ್ಪ ತೀರಿಕೊಂಡಾಗ ನನಗೆ ಅವನ ಮುಖ ನೆನಪಿಟ್ಟುಕೊಳ್ಳುವ ವಯಸ್ಸೂ ಆಗಿರಲಿಲ್ಲ. ನಮ್ಮಿಬ್ಬರನ್ನು ತವರಿನಲ್ಲಿ ಬಿಟ್ಟು ಅವ್ವ ಹುಬ್ಬಳ್ಳಿಗೆ ಹೋಗಿ ನರ್ಸಿಂಗ್ ಕಲಿತಳು. ಆಗ ಆ ಕೆಲಸಕ್ಕೆ ಬರುತ್ತಿದ್ದವರಲ್ಲಿ ಗಂಡ ಸತ್ತವರು, ಗಂಡ ಬಿಟ್ಟವರು ಬಹಳ ಜನ. ಉಳಿದಂತೆ ಕೇರಳದ ಕಡೆಯ ಕ್ರೈಸ್ತ ಹುಡುಗಿಯರು. ಮರ್ಯಾದಸ್ಥರ ಮನೆಯ ಸೊಸೆಯರಿಗೆ ಹೇಳಿದ ಕೆಲಸವಲ್ಲ ಎಂದು ಊರು ಒಳಗೊಳಗೇ ಮಾತಾಡಿಕೊಳ್ಳುತ್ತಿತ್ತು. ಅದೇ ಊರು ನಡುರಾತ್ರಿ ಕಂದೀಲು ಹಿಡಿದುಕೊಂಡು ನಮ್ಮ ಕ್ವಾರ್ಟರ್ಸಿನ ಬಾಗಿಲು ಬಡಿಯುತ್ತಿತ್ತು: "ನರ್ಸಬಾಯಾರ, ಸ್ವಲ್ಪ ಲಗೂನ ಬರ್ರೀ."

ಆ ಬಾಗಿಲಿಗೆ ಏನೇನು ಬಂತೋ! ಗಾಣದ ಸುಗ್ಗಿಯಲ್ಲಿ ಇನ್ನೂ ಬಿಸಿ ಆರದ ಬೆಲ್ಲದ ಪೆಂಟಿ. ಚಳಿಗಾಲದಲ್ಲಿ ಸೀತನಿ, ಬೇರು ಸಮೇತ ಕಿತ್ತ ಹಸಿ ಕಡಲೆಯ ಸಿವುಡು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಗುರೆಳ್ಳ ಹಿಂಡಿ. ಎಮ್ಮೆ ಈದ ಮನೆಯಿಂದ ಗಿಣ್ಣದ ಹಾಲು. ಒಮ್ಮೆ ಕಾಲು ಕಟ್ಟಿದ ಜೀವಂತ ಕೋಳಿ ಬಂತು. ಅದನ್ನು ಕೊಯ್ಯಲು ನಮ್ಮ ಮನೆಯಲ್ಲಿ ಯಾರೂ ಇಲ್ಲದೆ ಅದು ಮೊಟ್ಟೆ ಇಟ್ಟುಕೊಂಡು ಬಹಳ ಕಾಲ ನಮ್ಮ ಹಿತ್ತಲಲ್ಲೇ ಬಾಳಿತು. ಕೊಡುವವರು ನಿಂತು ಮಾತಾಡುತ್ತಿರಲಿಲ್ಲ. ಕಟ್ಟೆಯ ಮೇಲಿಟ್ಟು "ನಮ್ಮ ಕೂಸಿನ ಹೆಸರ್ಲೆ ರೀ" ಎಂದು ಹೊರಟುಬಿಡುತ್ತಿದ್ದರು. ಯಾವ ಕೂಸು, ಯಾವ ಊರು ಎಂದು ಅವ್ವನಿಗೆ ಒಂದೊಂದು ಸಲ ತಿಳಿಯುತ್ತಲೂ ಇರಲಿಲ್ಲ. ತಿಳಿದಾಗ ಮಾತ್ರ ಆ ಹೆಂಗಸಿನ ಇಡೀ ಹೆರಿಗೆ ಅವಳಿಗೆ ನೆನಪಿರುತ್ತಿತ್ತು. ನೀರು ಯಾವಾಗ ಒಡೆದಿತ್ತು, ಕೂಸಿನ ತಲೆ ಯಾವ ಕಡೆ ತಿರುಗಿತ್ತು, ಎಷ್ಟು ಹೊಲಿಗೆ ಬಿದ್ದಿದ್ದವು ಎಂಬುದೆಲ್ಲ.

ಮಿಠಾಯಿ ಡಬ್ಬಿಯ ಲೆಕ್ಕ ಬೇರೆ. ನಮ್ಮ ಕಡೆ, ಮರಾಠಿ ಸೀಮೆಯ ಹಾಗೆಯೇ, ಗಂಡು ಹುಟ್ಟಿದರೆ ಪೇಢೆ ಹಂಚುತ್ತಿದ್ದರು, ಹೆಣ್ಣು ಹುಟ್ಟಿದರೆ ಜಿಲೇಬಿ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ, ಕಾಗದಕ್ಕೆ ಪಾಕ ಹತ್ತಿದೆಯೋ ಇಲ್ಲವೋ ನೋಡಿ ನಾವು ಮಕ್ಕಳು ಯಾವ ಕೂಸು ಎಂದು ಹೇಳಿಬಿಡುತ್ತಿದ್ದೆವು. ನನಗೆ ಜಿಲೇಬಿಯೇ ಇಷ್ಟ. ಆದರೆ ಪೇಢೆಯ ಡಬ್ಬಿಗಳೇ ಹೆಚ್ಚು ಬರುತ್ತಿದ್ದವು. ಅದೇಕೆ ಎಂದು ಬೆಳೆದ ಮೇಲೆ ತಿಳಿಯಿತು. ಹೆಣ್ಣು ಹುಟ್ಟಿದ ಎಷ್ಟೋ ಮನೆಯವರು ಏನನ್ನೂ ಹಂಚದೆ ಚಕ್ಕಡಿ ಹತ್ತಿ ಹೋಗಿಬಿಡುತ್ತಿದ್ದರು. ಅಂಥವರಿಗಾಗಿ ಅವ್ವನ ಏಪ್ರನ್ನಿನ ಕಿಸೆಯಲ್ಲಿ ಸಣ್ಣದೊಂದು ಸಕ್ಕರೆಯ ಪೊಟ್ಟಣ ಇರುತ್ತಿತ್ತು. ಕೂಸನ್ನು ಹೊರಗೆ ತಂದು ತೋರಿಸುವಾಗ, ಮುಖ ಸಣ್ಣದು ಮಾಡಿಕೊಂಡ ಅತ್ತೆಯ ಬಾಯಿಗೆ ಅವಳೇ ಚಿಟಿಕೆ ಸಕ್ಕರೆ ಹಾಕುತ್ತಿದ್ದಳು. ಬಾಯಿ ತೆರೆಯದವರ ಅಂಗೈಗೆ ಹಾಕುತ್ತಿದ್ದಳು. ನರ್ಸು ಕೊಟ್ಟ ಸಕ್ಕರೆಯನ್ನು ನೆಲಕ್ಕೆ ಚೆಲ್ಲಿದವರನ್ನು ತಾನು ಕಂಡಿಲ್ಲ ಎಂದು ಹೇಳುತ್ತಿದ್ದಳು.

ತಂದು ಕೊಡಲಾಗದವರು ಬೇರೆ ಬಗೆಯಲ್ಲಿ ಕೊಟ್ಟರು. ಬಸ್‌ಸ್ಟ್ಯಾಂಡಿನ ಬಳಿ ಒಂದು ಗಡಿಯಾರ ರಿಪೇರಿಯ ಪೆಟ್ಟಿಗೆ ಅಂಗಡಿ. ಅವ್ವನ ಎಚ್‌ಎಂಟಿ ಕೈಗಡಿಯಾರಕ್ಕೆ ಸೆಕೆಂಡಿನ ಮುಳ್ಳು ಸರಿಯಾಗಿ ಓಡಲೇಬೇಕಿತ್ತು. ಆಗ ಹೊಟ್ಟೆಯ ಮೇಲೆ ಕಹಳೆಯಂಥ ಮರದ ಕೊಳವೆ ಇಟ್ಟು ಕಿವಿಗೊಟ್ಟು, ಕಣ್ಣು ಗಡಿಯಾರದ ಮೇಲಿಟ್ಟು ಕೂಸಿನ ಎದೆಬಡಿತ ಎಣಿಸಬೇಕು. ನಿಮಿಷಕ್ಕೆ ನೂರಹತ್ತಕ್ಕಿಂತ ಕೆಳಗಿಳಿದರೆ ಡಾಕ್ಟರನ್ನು ಎಬ್ಬಿಸಬೇಕು. ಆ ಅಂಗಡಿಯವನ ಹೆಂಡತಿಯ ಹೆರಿಗೆ ಅವ್ವನ ಕೈಯಲ್ಲಾಗಿತ್ತು. ಅಂದಿನಿಂದ ಅವನು ಅವ್ವನ ಗಡಿಯಾರಕ್ಕೆ ರೊಕ್ಕ ಮುಟ್ಟಲಿಲ್ಲ. ಮಳೆಗಾಲದ ಮುಂಚೆ ತಾನೇ ಕೇಳಿ ಪಡೆದು ಬಿಚ್ಚಿ ಎಣ್ಣೆ ಹಾಕಿ ಕೊಡುತ್ತಿದ್ದ. ಅವನು ಆ ಕೂಸಿಗಾಗಿ ಕೊಟ್ಟದ್ದು ಮುಂದೆ ಎಷ್ಟು ಕೂಸುಗಳ ಎದೆಬಡಿತ ಎಣಿಸಲು ಬಂತೋ! ನಾನು ಕಂಡ ಉಡುಗೊರೆಗಳಲ್ಲೆಲ್ಲ ಅದನ್ನೇ ಮೇಲೆ ಇಡುತ್ತೇನೆ.

ಇನ್ನು ಉಡಿ. ಬಾಣಂತಿಯನ್ನು ಮನೆಗೆ ಕಳಿಸುವ ದಿನ ಮನೆಯವರು ನರ್ಸಿಗೂ ಉಡಿ ತುಂಬುವುದು ನಮ್ಮ ಕಡೆಯ ರೂಢಿ. ಗುಳೇದಗುಡ್ಡದ ಖಣ, ಕೊಬ್ಬರಿ ಬಟ್ಟಲು, ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ. ಕೇರಳದ ಸಿಸ್ಟರಿಗೂ ತುಂಬುತ್ತಿದ್ದರು. ಅವರು ಉಡಿ ಹಿಡಿಯಲು ಬಾರದೆ ನಗುತ್ತ ನಿಲ್ಲುತ್ತಿದ್ದರು, ಯಾರಾದರೂ ಸೆರಗು ಹಿಡಿದು ತೋರಿಸಿಕೊಡಬೇಕಿತ್ತು. ಅವ್ವನ ಸರದಿ ಬಂದಾಗ ಮಾತ್ರ ಕೈಗಳು ತಡೆಯುತ್ತಿದ್ದವು. ಹಣೆ ಬರಿದಾಗಿರುವವಳಿಗೆ ಉಡಿ ತುಂಬುವುದು ಹೇಗೆ? ಕೆಲವರು ಖಣವನ್ನು ಸುಮ್ಮನೆ ಕೈಗೆ ಕೊಡುತ್ತಿದ್ದರು, ಅರಿಷಿಣ ಕುಂಕುಮದ ತಟ್ಟೆಯನ್ನು ಬೆನ್ನ ಹಿಂದೆ ಸರಿಸಿ. ಅವ್ವ ಏನೂ ಆಗದವಳಂತೆ ತೆಗೆದುಕೊಳ್ಳುತ್ತಿದ್ದಳು. ಎರಡು ಜೀವವನ್ನು ತನ್ನ ಕೈಯಲ್ಲಿ ಹಿಡಿದು ದಡ ಮುಟ್ಟಿಸಿದವಳು ಮರುಗಳಿಗೆಗೆ ಅಪಶಕುನವಾಗುವುದನ್ನು ನಾನು ಬಾಗಿಲ ಬಳಿ ನಿಂತು ನೋಡಿದ್ದೇನೆ. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ಒಬ್ಬ ಮುದುಕಿ ಇದ್ದಳು. ಕಬ್ಬು ಕಡಿಯುವ ಗ್ಯಾಂಗಿನವಳು, ತುಂಡುಭೂಮಿಯೂ ಇಲ್ಲದವಳು. ಅವಳ ಮಗಳಿಗೆ ಕೂಸೇನೋ ಸರಾಗವಾಗಿ ಆಯಿತು, ಮಾಸವೂ ಬಿತ್ತು, ಆಮೇಲೆ ಗರ್ಭಕೋಶ ಬಿಗಿದುಕೊಳ್ಳದೆ ರಕ್ತ ಹರಿಯತೊಡಗಿತು. ಈಗ ಕೂಸು ಹೊರಬಂದ ಒಂದು ನಿಮಿಷದೊಳಗೆ ಎಲ್ಲ ತಾಯಂದಿರಿಗೂ ಹತ್ತು ಯೂನಿಟ್ ಆಕ್ಸಿಟೋಸಿನ್ ಚುಚ್ಚಬೇಕು ಎಂಬ ಕ್ರಮವಿದೆ. ಆಗ ಮೆಥರ್ಜಿನ್ ಇಂಜೆಕ್ಷನ್ನು, ಅದೂ ಇದ್ದರೆ ಉಂಟು. ಡಾಕ್ಟರು ಬೆಳಗಾವಿಗೆ ಮೀಟಿಂಗಿಗೆ ಹೋಗಿದ್ದರು. ಅವ್ವ ಇಂಜೆಕ್ಷನ್ನು ಕೊಟ್ಟು, ಸಲೈನು ಹಚ್ಚಿ, ಹೊಟ್ಟೆಯ ಮೇಲೆ ಕೈಯೂರಿ ಗರ್ಭಕೋಶವನ್ನು ತಿಕ್ಕುತ್ತ ನಿಂತಳು. ಅದು ಗಟ್ಟಿಯಾದರೂ ಕೈ ತೆಗೆಯಲಿಲ್ಲ, ಮತ್ತೆ ಮೆತ್ತಗಾಗುತ್ತದೆ ಎಂದು. ಅವಳು ಮನೆಗೆ ಬಂದದ್ದು ಮರುದಿನ ಮಧ್ಯಾಹ್ನ. ತೋಳು ಮೇಲೆತ್ತಲು ಆಗುತ್ತಿರಲಿಲ್ಲ, ನಾನೇ ಅನ್ನ ಕಲಸಿ ಕೊಟ್ಟೆ.

ಆ ಮುದುಕಿ ಮಗಳನ್ನು ಕರೆದುಕೊಂಡು ಹೋಗುವ ದಿನ ಕ್ವಾರ್ಟರ್ಸಿಗೇ ಬಂದಳು. ಕೈಯಲ್ಲಿ ಸಂತೆಯಲ್ಲಿ ಕೊಂಡ ಅಗ್ಗದ ಜಂಪರಿನ ಬಟ್ಟೆ, ಒಂದು ಹಿಡಿ ಜೋಳ, ಒಂದೇ ಒಂದು ಉತ್ತತ್ತಿ. ಅವ್ವ ಅಭ್ಯಾಸದಂತೆ ಕೈ ಚಾಚಿದಳು. ಮುದುಕಿ ಕೊಡಲಿಲ್ಲ. "ಕೈಯಾಗ ಯಾಕ ಕೊಡ್ಲಿ? ಉಡಿ ಹಿಡಿ ಯವ್ವಾ" ಎಂದಳು. ಅವ್ವ, ನನಗೆ ನಡೆಯುವುದಿಲ್ಲ ಎಂದಳು. "ಯಾರ ಹೇಳಿದ್ರು? ನನ್ನ ಮಗಳ ಹಣಿ ಮ್ಯಾಲಿನ ಕುಂಕುಮ ಅಲ್ಲೇ ಉಳೀತು, ಆಕಿ ಕೂಸು ತಾಯಿಲ್ಲದ ಕೂಸು ಆಗಲಿಲ್ಲ. ನಿನಗಿಂತ ದೊಡ್ಡ ಮುತ್ತೈದಿ ಎಲ್ಲಿ ಹುಡುಕ್ಲಿ ನಾ?" ಅವ್ವ ಸೆರಗು ಹಿಡಿದಳು. ಅವಳು ಅಳುವುದನ್ನು ನಾನು ಮೊದಲ ಸಲ ಕಂಡದ್ದು ಆಗ. ಮುದುಕಿ ಅಳಲಿಲ್ಲ. ಜೋಳ ಹಾಕಿ, ಉತ್ತತ್ತಿ ಇಟ್ಟು, ಬಟ್ಟೆ ಮುಚ್ಚಿ, ಗಾಡಿ ಹೋಗಿಬಿಡುತ್ತದೆ ಎಂದು ಬಿರಬಿರನೆ ನಡೆದಳು.

ಖಣಗಳು ಟ್ರಂಕಿನಲ್ಲಿ ಬೆಳೆಯುತ್ತ ಹೋದವು. ಅಷ್ಟು ಕುಪ್ಪಸ ಯಾರು ತೊಡಬೇಕು? ಅವ್ವ ಉಡುತ್ತಿದ್ದದ್ದು ಬಿಳಿ ಸೀರೆ, ಬಿಳಿ ಕುಪ್ಪಸ. ಊರಿಗೆ ಕೌದಿ ಹೊಲಿಯುವ ಹೆಂಗಸರು ಬಂದಾಗ ಅವ್ವ ಆ ಖಣಗಳನ್ನೂ ಹಳೆಯ ಸೀರೆಗಳನ್ನೂ ತೆಗೆದುಕೊಟ್ಟು ಪುಟ್ಟ ಪುಟ್ಟ ಕೌದಿ ಹೊಲಿಸಿದಳು. ಒಳಗೆ ಮೆತ್ತಗಿನ ಹಳೆ ಸೀರೆ, ಮೇಲೆ ಖಣದ ತುಂಡುಗಳು. ಬರಿಗೈಯಲ್ಲಿ ಹೆರಿಗೆಗೆ ಬಂದ ಬಡವರ ಕೂಸುಗಳನ್ನು ಅವುಗಳಲ್ಲಿ ಸುತ್ತಿ ಕೊಡುತ್ತಿದ್ದಳು. ಸಾಹುಕಾರರ ಮನೆಯ ಖಣ, ಕೂಲಿಯವಳ ಖಣ ಎರಡೂ ಒಂದೇ ಕೌದಿಯಲ್ಲಿ ಇರುತ್ತಿದ್ದವು. 2007ರಲ್ಲಿ ರಾಜ್ಯ ಸರ್ಕಾರ ಮಡಿಲು ಯೋಜನೆ ತಂದು, ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಸೊಳ್ಳೆಪರದೆ, ಹೊದಿಕೆ, ಕೂಸಿನ ಬಟ್ಟೆ ಇರುವ ಕಿಟ್ಟು ಕೊಡತೊಡಗಿದಾಗ ಅವ್ವ ನಿವೃತ್ತಳಾಗಿದ್ದಳು. ಪೇಪರಿನಲ್ಲಿ ಆ ಸುದ್ದಿ ಓದಿ, "ಇದು ಮೊದಲ ಆಗಬೇಕಿತ್ತು" ಎಂದು ಎರಡೆರಡು ಸಲ ಹೇಳಿದಳು.

ಇಲ್ಲಿಯವರೆಗೆ ಬರೆದದ್ದು ಸುಳ್ಳಲ್ಲ. ಆದರೆ ಇಷ್ಟೇ ಬರೆದರೆ ಆ ವಾರ್ಡು ನಿಜವಾಗಿ ಹೇಗಿತ್ತು ಎಂದು ತಿಳಿಯುವುದಿಲ್ಲ. ಅಲ್ಲಿ ರೊಕ್ಕವೂ ಓಡಾಡುತ್ತಿತ್ತು. ಕೂಸನ್ನು ಹೊರಗೆ ತಂದು ತೋರಿಸುವ ಆಯಾ "ಖುಷಿ ಕೊಡ್ರಿ" ಎನ್ನುತ್ತಿದ್ದಳು. ಗಂಡಿಗೆ ಒಂದು ದರ, ಹೆಣ್ಣಿಗೆ ಅದರ ಅರ್ಧ. ಕೊಡುವವರೆಗೆ ಕೂಸು ಕೈಗೆ ಬರುವುದಿಲ್ಲ, ಬಾಣಂತಿಗೆ ಬಿಸಿನೀರು ಬರುವುದಿಲ್ಲ, ಬಟ್ಟೆ ಬದಲಿಸಲು ಯಾರೂ ಬರುವುದಿಲ್ಲ. ಹೆರಿಗೆಯ ಖರ್ಚಿಗೆಂದು ಕೈಗಡ ತಂದವನು ಆ ಖುಷಿಗಾಗಿ ಮತ್ತೊಮ್ಮೆ ಕೈಗಡಕ್ಕೆ ಓಡುವುದನ್ನು ನಾನು ಆಸ್ಪತ್ರೆಯ ಆವರಣದಲ್ಲಿ ಆಡುತ್ತ ನೋಡಿದ್ದೇನೆ. ಅವ್ವ ರೊಕ್ಕ ಮುಟ್ಟುತ್ತಿರಲಿಲ್ಲ. ಆದರೆ ಅವಳ ಕಣ್ಣೆದುರೇ ನಡೆಯುತ್ತಿದ್ದುದನ್ನು ತಡೆಯಲೂ ಇಲ್ಲ.

ಆಯಾನನ್ನು ಯಾಕೆ ತಡೆಯಲಿಲ್ಲ ಎಂದು ಅವ್ವನಿಗೆ ವಯಸ್ಸಾದ ಮೇಲೆ ಒಮ್ಮೆ ನೇರವಾಗಿ ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ಆಕಿಗೆ ದಿನಗೂಲಿ. ಪಗಾರ ಆರಾರು ತಿಂಗಳು ಬರ್ತಿರಲಿಲ್ಲ. ನಾ ಕೂಸು ಹಿಡಿತಿದ್ದೆ, ಆಕಿ ನೆಲದ ರಕ್ತ ಬಳೀತಿದ್ಲು. ಖಣ ಎಲ್ಲಾರೂ ನನಗ ಕೊಡತಿದ್ರು. ಆಕಿಗೆ ಯಾರಾರ ಒಂದ ಖಣ ಕೊಟ್ಟದ್ದು ನೋಡೀಯೇನ ನೀ?" ನಾನು ನೋಡಿರಲಿಲ್ಲ. ಈ ಮಾತಿನ ಅರ್ಧವನ್ನು ನಾನು ಒಪ್ಪುತ್ತೇನೆ. ಕೂಲಿಯವರ ಕಿಸೆಯಿಂದ ಇನ್ನೊಬ್ಬ ಕೂಲಿಯವಳು ಕಿತ್ತುಕೊಳ್ಳುವಂತೆ ಮಾಡಿದವರು ಪಗಾರ ಕೊಡದೆ ಕೂತವರು. ಉಳಿದ ಅರ್ಧವನ್ನು ಒಪ್ಪಲಾರೆ. ಹೊಲಿಗೆಯ ನೋವಿನಲ್ಲಿ ಮಲಗಿದ ಹೆಂಗಸಿಗೆ ಅವಳ ಕೂಸನ್ನೇ ಒತ್ತೆ ಇಟ್ಟು ತೋರಿಸುವುದನ್ನು ಯಾವ ಬಡತನವೂ ಸರಿ ಮಾಡುವುದಿಲ್ಲ. ಅವ್ವನ ಮಾತಿಗೆ ಆ ವಾರ್ಡಿನಲ್ಲಿ ಬೆಲೆಯಿತ್ತು, ಅವಳು ಗಟ್ಟಿಯಾಗಿ ಒಂದು ಮಾತು ಆಡಬಹುದಿತ್ತು.

ಇನ್ನೊಂದನ್ನೂ ಹೇಳಬೇಕು. ಅವ್ವ ಬೈಯುತ್ತಿದ್ದಳು. ನೋವಿಗೆ ಕೂಗುವ ಹುಡುಗಿಯರನ್ನು, ಕಾಲು ಮುಚ್ಚುವವರನ್ನು ಏರುದನಿಯಲ್ಲಿ ಗದರಿಸುತ್ತಿದ್ದಳು. ಅವಳ ದನಿ ನಮ್ಮ ಮನೆಯವರೆಗೆ ಕೇಳುತ್ತಿತ್ತು. ತೊಡೆಯ ಮೇಲೆ ಹೊಡೆಯುವ ನರ್ಸುಗಳೂ ಇದ್ದರು. ಬೈದರೆ ಜೋರು ಹಾಕುತ್ತಾರೆ, ಕೂಸು ಬೇಗ ಬರುತ್ತದೆ ಎಂದು ಅವರಿಗೆ ಕಲಿಸಿದವರೇ ನಂಬಿಸಿದ್ದರು. ರಾತ್ರಿ ಪಾಳಿಯಲ್ಲಿ ಒಬ್ಬಳೇ ನರ್ಸು, ಮೇಜುಗಳ ಮೇಲೆ ಮೂವರು, ಹೊರಗೆ ಬೆಂಚಿನ ಮೇಲೆ ಇನ್ನಿಬ್ಬರು. ಅಂಥ ರಾತ್ರಿಯಲ್ಲಿ ಸಹನೆ ಎಲ್ಲಿಂದ ತರಬೇಕು ಎಂದು ಅವಳ ಮಗಳಾಗಿ ನಾನು ಕೇಳುತ್ತೇನೆ. ಆದರೆ ಮೇಜಿನ ಮೇಲೆ ಮಲಗಿದ್ದ ಆ ಹುಡುಗಿಯರು ಹದಿನೆಂಟು ಹತ್ತೊಂಬತ್ತರವರು, ಜೊತೆಗೆ ತಾಯಿಯನ್ನೂ ಒಳಗೆ ಬಿಡುತ್ತಿರಲಿಲ್ಲ. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬಳು ಹೆಣ್ಣುಮಗಳು ಇರಬಹುದು ಎಂದು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಮರುವರ್ಷ ಬಂದ ಲಕ್ಷ್ಯ ಕಾರ್ಯಕ್ರಮದಲ್ಲಿ ಹೆರುವವಳನ್ನು ಗೌರವದಿಂದ ನಡೆಸಿಕೊಳ್ಳುವುದನ್ನೂ ಗುಣಮಟ್ಟದ ಲೆಕ್ಕಕ್ಕೆ ಸೇರಿಸಿದರು. ಅವ್ವನ ಕಾಲದಲ್ಲಿ ಅದನ್ನು ಯಾರೂ ಲೆಕ್ಕ ಹಿಡಿಯುತ್ತಿರಲಿಲ್ಲ. ಹಾಗಿದ್ದೂ ಆ ಹುಡುಗಿಯರು ಬೈಸಿಕೊಂಡು ಹೋಗಿ ಬೆಲ್ಲ ತಂದು ಕಟ್ಟೆಯ ಮೇಲಿಟ್ಟರು. ಅದರಲ್ಲಿ ಪ್ರೀತಿ ಎಷ್ಟು, ಮುಂದಿನ ಹೆರಿಗೆಗೂ ಇಲ್ಲಿಗೇ ಬರಬೇಕಲ್ಲ ಎಂಬ ಅಂಜಿಕೆ ಎಷ್ಟು? ಚಿಕ್ಕವಳಾಗಿದ್ದಾಗ ನಾನು ಆ ಬೆಲ್ಲದಲ್ಲಿ ಬರೀ ಪ್ರೀತಿಯನ್ನು ಕಂಡಿದ್ದೆ. ಈಗ ಎರಡೂ ಕಾಣುತ್ತವೆ.

ಇದನ್ನೆಲ್ಲ ಅಣ್ಣನ ಮಗಳಿಗೆ ಫೋನಿನಲ್ಲಿ ಹೇಳಲಾಗಲಿಲ್ಲ. ಕ್ರೀಮಿನ ಜೊತೆಗೆ ಒಂದೆರಡು ಮಾತು ಮಾತ್ರ ಹೇಳಿದೆ. ಕೊಡುವುದನ್ನು ಮೊದಲೇ ತೋರಿಸಬೇಡ, ಕೂಸು ಹುಟ್ಟಿ ಎಲ್ಲ ಮುಗಿದ ಮೇಲೆ ಕೊಡು. ಹುಟ್ಟಿದ್ದು ಗಂಡೋ ಹೆಣ್ಣೋ ಎಂದು ಕೊಡುಗೆ ಬದಲಾಗಬಾರದು. ಖಾಸಗಿ ಆಸ್ಪತ್ರೆಗಳಲ್ಲಿ ಒಬ್ಬೊಬ್ಬರಿಗೆ ಉಡುಗೊರೆ ಕೊಡಬಾರದು ಎಂಬ ನಿಯಮವಿರುವುದುಂಟು, ಅದಕ್ಕೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರನ್ನು ಕೇಳಿಕೋ. ಸರ್ಕಾರಿ ಆಸ್ಪತ್ರೆಯಾದರೆ ರೊಕ್ಕದ ಮಾತೇ ಬೇಡ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಈಚೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ನೂ ಸೇರಿ, ಔಷಧ, ಊಟ, ಹೋಗಿಬರುವ ಗಾಡಿ ಎಲ್ಲ ಉಚಿತ. ಅಲ್ಲಿ ಯಾರು ಕೈ ಚಾಚಿದರೂ ಅದು ಅಪರಾಧವೇ. ಮುಖ್ಯವಾಗಿ, ನೋವಿನಲ್ಲಿ ನಿನ್ನ ಸೊಂಟ ತಿಕ್ಕಿದವಳು, ಕೂಸನ್ನು ಒರೆಸಿ ನಿನ್ನ ಎದೆಯ ಮೇಲಿಟ್ಟವಳು, ಆಮೇಲೆ ಎರಡು ತಾಸು ಕೂತು ರಕ್ತಸ್ರಾವ ನೋಡಿದವಳು, ನೀನು ಮನೆಗೆ ಹೊರಡುವ ದಿನ ಅಲ್ಲಿ ಇರುವುದಿಲ್ಲ. ಅವಳು ಲೇಬರ್ ವಾರ್ಡಿನಲ್ಲಿ ಇನ್ನೊಬ್ಬಳ ಸೊಂಟ ತಿಕ್ಕುತ್ತಿರುತ್ತಾಳೆ. ಡಿಸ್ಚಾರ್ಜಿನ ದಿನ ಹಂಚಿದ ಮಿಠಾಯಿ ಆ ಹೊತ್ತಿನ ಪಾಳಿಯವರಿಗೆ ಸೇರುತ್ತದೆ, ಅಷ್ಟೇ. ಅದಕ್ಕೇ ಹೆಸರು ಕೇಳಿಟ್ಟುಕೋ ಎಂದೆ.

ಅವಳು ಕೇಳಿಟ್ಟುಕೊಂಡಳು. ನೋವಿನ ನಡುವೆ ಗಂಡನ ಕೈಯಲ್ಲಿ ಬರೆಸಿದಳಂತೆ. ಒಬ್ಬಳು ಮಣಿಪುರದವಳು, ಒಬ್ಬಳು ಕಲಬುರಗಿಯ ಹುಡುಗಿ. ನಡುರಾತ್ರಿ ಬಂದು ನೆಲ ಒರೆಸಿ, ಹಾಸಿಗೆ ಬದಲಿಸಿ, ಹೆದರಬೇಡ ಎಂದು ಕೈ ಹಿಡಿದವಳು ಹೌಸ್‌ಕೀಪಿಂಗಿನವಳು. ಅವಳ ಹೆಸರು ಕೇಳಿದ್ದಕ್ಕೇ ಆಕೆ ಬೆರಗಾದಳಂತೆ. ಹೆಣ್ಣು ಕೂಸು. ನಾನು ಗೋಕಾಕಿನ ಕರದಂಟು ಕಳಿಸಿದೆ. ಅಂಟು, ಕೊಬ್ಬರಿ, ಒಣಹಣ್ಣು ಹಾಕಿದ ಅದು ನಮ್ಮ ಕಡೆ ಬಾಣಂತಿಗೆ ಕೊಡುವ ತಿನಿಸು. ಬೇಗ ಕೆಡುವುದಿಲ್ಲ, ನಿಂತುಕೊಂಡೇ ಒಂದು ತುಂಡು ಬಾಯಿಗೆ ಹಾಕಿಕೊಳ್ಳಬಹುದು, ಬೆಳಗಿನ ಜಾವದ ಹಸಿವಿಗೆ ಒದಗುತ್ತದೆ. ಮೂರು ಪಾಳಿಗೂ ಬೇರೆ ಬೇರೆ ಡಬ್ಬಿ, ಹೌಸ್‌ಕೀಪಿಂಗಿನವರಿಗೂ ಅದೇ ಅಳತೆಯ ಡಬ್ಬಿ. ಅದರ ಜೊತೆಗೆ ಅವಳು ನರ್ಸಿಂಗ್ ಸೂಪರಿಂಟೆಂಡೆಂಟಿಗೆ ಒಂದು ಪತ್ರ ಬರೆದಳು. ಯಾವ ರಾತ್ರಿ, ಯಾರು, ಏನು ಮಾಡಿದರು ಎಂದು ಹೆಸರು ಹಿಡಿದು ಬರೆದ ಪತ್ರ. ಎಲ್ಲರೂ ಚೆನ್ನಾಗಿ ನೋಡಿಕೊಂಡರು ಎಂದಿದ್ದರೆ ಯಾರ ಹೆಸರೂ ಯಾವ ಫೈಲಿಗೂ ಹೋಗುತ್ತಿರಲಿಲ್ಲ. ಕಲಬುರಗಿಯ ಹುಡುಗಿ ಆ ಪತ್ರದ ಫೋಟೊ ತೆಗೆದುಕೊಂಡು ತನ್ನ ಅವ್ವನಿಗೆ ಕಳಿಸುತ್ತೇನೆ ಎಂದಳಂತೆ.

ಅವ್ವನಿಗೆ ಏನು ಕೊಟ್ಟರೆ ಖುಷಿಯಾಗುತ್ತಿತ್ತು ಎಂದು ಅವಳು ಕೇಳಿದ್ದಕ್ಕೆ ನನ್ನ ಬಳಿ ಸರಿಯಾದ ಉತ್ತರ ಇದೆ. ಬೆಳಕು. ನಮ್ಮೂರಲ್ಲಿ ಕರೆಂಟು ಹೋದರೆ ತಾಸುಗಟ್ಟಲೆ ಬರುತ್ತಿರಲಿಲ್ಲ. ಗ್ಯಾಸಬತ್ತಿಯ ಬೆಳಕಿನಲ್ಲಿ, ಅದೂ ಇಲ್ಲದಾಗ ಆಯಾ ಹಿಡಿದ ಬ್ಯಾಟರಿಯ ಬೆಳಕಿನಲ್ಲಿ ಅವ್ವ ಹೊಲಿಗೆ ಹಾಕಿದ್ದಾಳೆ. ಒಮ್ಮೆ ಊರಿನ ದೊಡ್ಡ ಸಾಹುಕಾರರ ಸೊಸೆಗೆ ಅವಳ ಕೈಯಲ್ಲಿ ಹೆರಿಗೆಯಾಯಿತು. ಸಾಹುಕಾರರು ಇಳಕಲ್ಲ ಸೀರೆ, ಬಂಗಾರದ ಉಂಗುರ ಹಿಡಿದು ಬಂದರು. ಅವ್ವ ತಟ್ಟೆಯನ್ನು ಅವರ ಕಡೆಗೇ ಸರಿಸಿದಳು. "ಸಾವ್ಕಾರ್ರ, ಇದು ಬ್ಯಾಡ್ರಿ. ಹೆರಿಗಿ ಕೋಣ್ಯಾಗ ಬೆಳಕಿಲ್ಲ. ಒಂದ ಜನರೇಟರ್ ಕೊಡಸ್ರಿ." ಅವರು ನಕ್ಕು ಎದ್ದು ಹೋದರು. ದೀಪಾವಳಿಗೆ ಮುಂಚೆ ಜನರೇಟರು ಬಂತು.

ಡೀಸೆಲ್ಲಿಗೆ ಆಸ್ಪತ್ರೆಯಲ್ಲಿ ದುಡ್ಡಿರಲಿಲ್ಲ. ಅವ್ವ ಉಪಾಯ ಹೂಡಿದಳು. ಕಾಯಿ, ಖಣ ತರುತ್ತೇವೆ ಎಂದವರಿಗೆಲ್ಲ "ಅದು ಬ್ಯಾಡ, ನಿಮಗ ಮನಸಿದ್ರ ಒಂದ ಲೀಟರ್ ಡೀಸೆಲ್ ತರ್ರಿ" ಎನ್ನತೊಡಗಿದಳು. ಜನ ಸಂತೋಷದಿಂದಲೇ ತಂದರು. ಟ್ರ್ಯಾಕ್ಟರು ಇದ್ದವರು ಕ್ಯಾನಿನಲ್ಲಿ, ಇಲ್ಲದವರು ಬಾಟಲಿಯಲ್ಲಿ. ನಮ್ಮ ಕಟ್ಟೆಯ ಮೇಲೆ ಬೆಲ್ಲ ಇರುತ್ತಿದ್ದ ಜಾಗದಲ್ಲಿ ಡೀಸೆಲ್ ಬಾಟಲಿ ನಿಂತವು. ರಾತ್ರಿ ಊರೆಲ್ಲ ಕತ್ತಲಾದರೂ ಹೆರಿಗೆ ಕೋಣೆಯಲ್ಲಿ ಮಾತ್ರ ಬಲ್ಬು ಉರಿಯುತ್ತಿತ್ತು.

ಆಮೇಲೆ ಅವ್ವನಿಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಒಂದೆರಡು ವರ್ಷಗಳ ಬಳಿಕ ಆ ಊರಿನ ಗಡಿಯಾರದ ಅಂಗಡಿಯವನು ಯಾವುದೋ ಕೆಲಸಕ್ಕೆ ಬಂದವನು ಮನೆಗೆ ಬಂದು ಸುದ್ದಿ ಹೇಳಿದ. ಅಲ್ಲಿ ಈಗ ಹೆರಿಗೆಗೆ ಬಂದವರೆಲ್ಲ 'ಡೀಸೆಲ್ ರೊಕ್ಕ' ಕಟ್ಟಲೇಬೇಕಂತೆ. ಕಟ್ಟದಿದ್ದರೆ ಒಳಗೆ ಕರೆದುಕೊಳ್ಳಲು ತಡ ಮಾಡುತ್ತಾರಂತೆ. ಜನರೇಟರು ಕೆಟ್ಟು ಮೂಲೆ ಸೇರಿ ಬಹಳ ದಿನವಾಗಿದೆಯಂತೆ, ರೊಕ್ಕ ಮಾತ್ರ ನಡೆದೇ ಇದೆ. ನರ್ಸಬಾಯಾರು ಹಾಕಿಕೊಟ್ಟ ಪದ್ಧತಿ ಎಂದು ಅವ್ವನ ಹೆಸರೇ ಹೇಳುತ್ತಾರಂತೆ.

ಅವ್ವ ಮರುದಿನ ರಜೆ ಹಾಕಿ ಬಸ್ಸು ಹತ್ತಿದಳು. ಜೊತೆಗೆ ನಾನೂ ಹೋದೆ, ಆಗ ಪಿಯುಸಿಯಲ್ಲಿದ್ದೆ. ಡಾಕ್ಟರ ಕೋಣೆಯಲ್ಲಿ ಅವಳು ಏನು ಮಾತಾಡಿದಳೋ ನನಗೆ ಕೇಳಲಿಲ್ಲ, ಹೊರಗೆ ಕೂತಿದ್ದೆ. ಆಯಾ, ಅದೇ ಹಳೆಯ ಆಯಾ, ನನ್ನ ತಲೆ ಸವರಿ ಎಷ್ಟು ಉದ್ದ ಆಗೀದಿ ಎಂದಳು. ಅವ್ವ ಹೊರಗೆ ಬಂದು ಅವಳನ್ನು ಪಕ್ಕಕ್ಕೆ ಕರೆದಳು, ಇಬ್ಬರೂ ಜೋರಾಗಿ ಜಗಳಾಡಿದರು, ಇಬ್ಬರೂ ಅತ್ತರು. ಅವ್ವ ತಂದಿದ್ದ ಚೀಲದಿಂದ ಒಂದು ಗುಳೇದಗುಡ್ಡದ ಖಣ ತೆಗೆದು ಅವಳ ಕೈಗೆ ಕೊಡಹೋದವಳು, ತಡೆದು, "ಉಡಿ ಹಿಡಿ" ಎಂದಳು.

ಅಲ್ಲಿಂದ ನೇರ ಪೇಟೆಯ ಪೇಂಟರನ ಅಂಗಡಿಗೆ. ಹೆರಿಗೆ ಕೋಣೆಯ ಬಾಗಿಲ ಮೇಲೆ ಹಾಕಲು ತಗಡಿನ ಬೋರ್ಡು ಬೇಕು ಎಂದಳು. ಇಲ್ಲಿ ಹೆರಿಗೆಗೆ ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ, ಕೇಳಿದರೆ ಡಾಕ್ಟರಿಗೆ ಹೇಳಿ ಎಂದು ದೊಡ್ಡ ಅಕ್ಷರದಲ್ಲಿ, ದೂರದಿಂದ ಕಾಣುವ ಹಾಗೆ. ಅವನು ನಮ್ಮನ್ನು ಕೂರಿಸಿ, ಚಹಾ ತರಿಸಿ, ಹಿಡಿದಿದ್ದ ಕೆಲಸ ಬಿಟ್ಟು ಆ ಬೋರ್ಡನ್ನೇ ಬರೆದ. ಹಳದಿ ನೆಲದ ಮೇಲೆ ಕೆಂಪು ಅಕ್ಷರ. ರೊಕ್ಕ ಕೊಡಹೋದರೆ ಕೈ ಮುಗಿದ. ಅವನ ಇಬ್ಬರು ಮಕ್ಕಳೂ ಅವ್ವನ ಕೈಯಲ್ಲೇ ಹುಟ್ಟಿದವರು. ಬಹಳ ಹೊತ್ತು ಚೌಕಾಶಿ ನಡೆದು, ಅವ್ವ ಕಡೆಗೆ ಬಣ್ಣದ ದುಡ್ಡನ್ನಷ್ಟೇ ಹಿಡಿಸಿದಳು. ಬರೆದ ಕೂಲಿಯನ್ನು ಅವನು ತೆಗೆದುಕೊಳ್ಳಲಿಲ್ಲ.